ಫಾರಿನ್‌ಗೆ ಹೊರಟವರ ಫೋನ್ ತಯಾರಿ: ಹುಬ್ಬಳ್ಳಿ-ಧಾರವಾಡದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆ ಹಿಡಿಯುವ ಹೊತ್ತಿಗೆ ವಿದ್ಯಾನಗರ, ಸಪ್ತಾಪುರದ ಕಡೆ ಓಣಿಗೊಬ್ಬರಾದರೂ ಎಂಎಸ್ ಓದಲು ಅಮೆರಿಕಕ್ಕೋ ಜರ್ಮನಿಗೋ ಹೊರಟಿರುತ್ತಾರೆ. ಗದಗ, ಹಾವೇರಿಯಿಂದ ಕೆಲಸಕ್ಕೆಂದು ದುಬೈ, ಮಸ್ಕತ್‌ಗೆ ಹೋಗುವವರಿದ್ದಾರೆ. ಮಗಳ ಬಾಣಂತನಕ್ಕೆ ಆರು ತಿಂಗಳು ಹೋಗಿಬರುವ ಅಪ್ಪ-ಅವ್ವಂದಿರಂತೂ ವರ್ಷವಿಡೀ ಇರುತ್ತಾರೆ. ಎಲ್ಲರೂ ಖಡಕ್ ರೊಟ್ಟಿ, ಶೇಂಗಾ ಚಟ್ನಿಯನ್ನು ತೂಕ ಮಾಡಿ ಮಾಡಿ ಬ್ಯಾಗಿಗೆ ತುಂಬುತ್ತಾರೆ, ಫೋನಿನ ವಿಚಾರ ಮಾತ್ರ ಕೊನೇ ದಿನಕ್ಕೆ ಬೀಳುತ್ತದೆ. ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಅವೇ. ಅದಕ್ಕೇ ಒಂದೇ ಕಡೆ ಬರೆದಿಟ್ಟಿದ್ದೇನೆ.

ನನ್ನ ಒತ್ತಾಯ ಒಂದೇ: ಎಲ್ಲಕ್ಕಿಂತ ಮೊದಲು ನಿಮ್ಮ ಇಲ್ಲಿನ ಮೊಬೈಲ್ ನಂಬರನ್ನು ಭದ್ರ ಮಾಡಿಕೊಳ್ಳಿ. ಬ್ಯಾಂಕು, ಆಧಾರ್, ಪಿಎಫ್, ಇನ್‌ಕಮ್ ಟ್ಯಾಕ್ಸ್ ಎಲ್ಲವೂ ಆ ಹತ್ತು ಅಂಕಿಗೆ ಜೋಡಿಸಿಕೊಂಡಿವೆ. ಅದು ಕೈತಪ್ಪಿದರೆ ಸರಿ ಮಾಡಿಸಲು ಸಾಮಾನ್ಯವಾಗಿ ನೀವೇ ಖುದ್ದಾಗಿ ಬರಬೇಕು. ಅಷ್ಟು ದೂರ ಕೂತು ಅದು ಆಗುವ ಮಾತಲ್ಲ.

ಎಷ್ಟು ದಿನ ಮೊದಲು ಶುರು ಮಾಡಬೇಕು?

ಒಂದು ತಿಂಗಳು ಮೊದಲು. ಕೊನೇ ವಾರದಲ್ಲಿ ಸಿಮ್ ಬದಲಿಸುವುದು, ಹೊಸ ಫೋನಿಗೆ ಹೋಗುವುದು, ಬ್ಯಾಂಕಿನಲ್ಲಿ ನಂಬರ್ ತಿದ್ದಿಸುವುದು ಏನನ್ನೂ ಇಟ್ಟುಕೊಳ್ಳಬೇಡಿ. ಕಾರಣ ಇದೆ. ಸಿಮ್ ಬದಲಿಸಿದರೆ ಮೋಸ ತಡೆಯಲೆಂದು 24 ಗಂಟೆ ಎಸ್ಸೆಮ್ಮೆಸ್ ಬಂದ್ ಇರುತ್ತದೆ, ದೂರಸಂಪರ್ಕ ಇಲಾಖೆಯ ನಿಯಮ ಅದು. ಬ್ಯಾಂಕ್ ಆ್ಯಪ್‌ಗಳೂ ಹೊಸ ಸಿಮ್ ಕಂಡಕೂಡಲೇ ಮತ್ತೆ ಮೊದಲಿನಿಂದ ರಿಜಿಸ್ಟರ್ ಮಾಡಿ ಎನ್ನುತ್ತವೆ. ರಾತ್ರಿ ಬೆಂಗಳೂರು ಬಸ್ ಹತ್ತುವ ದಿನ ಇದೆಲ್ಲ ಬೇಕಾ?

ಇಲ್ಲಿನ ಸಿಮ್ ಬಂದ್ ಮಾಡಿಸಿಬಿಡಲೇ? ಸುಮ್ನೆ ಯಾಕೆ ರೀಚಾರ್ಜ್ ಮಾಡುತ್ತಾ ಇರಬೇಕು?

ದಯವಿಟ್ಟು ಬಂದ್ ಮಾಡಿಸಬೇಡಿ. ಎಜುಕೇಶನ್ ಲೋನ್ ಇಲ್ಲಿನ ಬ್ಯಾಂಕಿನದು, ಅಪ್ಪನ ಜೊತೆಗಿನ ಜಂಟಿ ಖಾತೆ ಇಲ್ಲಿನದು, ಟ್ಯಾಕ್ಸ್ ರಿಟರ್ನ್ ತುಂಬುವಾಗ ಆಧಾರ್ ಓಟಿಪಿ ಬರುವುದು ಇದೇ ನಂಬರಿಗೆ. ರೀಚಾರ್ಜ್ ಬಿಟ್ಟರೆ ಮೊದಲು ಹೊರಹೋಗುವ ಕರೆ ನಿಲ್ಲುತ್ತದೆ, ಆಮೇಲೆ ಒಳಬರುವುದೂ ನಿಲ್ಲುತ್ತದೆ, ಕೊನೆಗೆ ನಂಬರ್ ಬೇರೆ ಯಾರಿಗೋ ಹೋಗುತ್ತದೆ. ಹಾಗೆ ಹೋದ ನಂಬರಿಗೆ ನಿಮ್ಮ ಬ್ಯಾಂಕಿನ ಮೆಸೇಜು ಬರುತ್ತಲೇ ಇರುತ್ತದೆ ಎಂದು ಒಮ್ಮೆ ಯೋಚಿಸಿ.

ಪೋಸ್ಟ್‌ಪೇಯ್ಡ್ ಇದ್ದರೆ ಹೋಗುವ ಮೊದಲೇ ಪ್ರಿಪೇಯ್ಡ್ ಮಾಡಿಸಿಕೊಳ್ಳಿ. ವ್ಯಾಲಿಡಿಟಿ ಉಳಿಸುವ ಕಡಿಮೆ ದರದ ಪ್ಲಾನ್ ಯಾವುದಿದೆ ನೋಡಿ, ಮನೆಯಲ್ಲಿ ಒಬ್ಬರಿಗೆ ರೀಚಾರ್ಜ್ ಜವಾಬ್ದಾರಿ ಕೊಡಿ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ತಾರೀಖು ಗುರುತು ಹಾಕಿಸಿ. ಇಂಟರ್‌ನ್ಯಾಷನಲ್ ರೋಮಿಂಗ್ ಚಾಲೂ ಮಾಡಿಸುವುದನ್ನು ಮರೆಯಬೇಡಿ. ಡೇಟಾ ಪ್ಯಾಕ್ ತೊಗೊಳ್ಳಿ ಎಂದು ಹೇಳುತ್ತಿಲ್ಲ, ಸೌಲಭ್ಯ ಮಾತ್ರ ಆನ್ ಆಗಿರಬೇಕು. ಅದಿಲ್ಲದಿದ್ದರೆ ಅಲ್ಲಿ ಇಳಿದ ಮೇಲೆ ಸಿಗ್ನಲ್ಲೇ ಹತ್ತುವುದಿಲ್ಲ, ಓಟಿಪಿಯೂ ಬರುವುದಿಲ್ಲ. ರೋಮಿಂಗ್‌ನಲ್ಲಿ ಬರುವ ಎಸ್ಸೆಮ್ಮೆಸ್‌ಗೆ ಸಾಮಾನ್ಯವಾಗಿ ದುಡ್ಡು ಕಡಿಯುವುದಿಲ್ಲ, ಬರುವ ಕರೆ ಎತ್ತಿದರೆ ಕಡಿಯುತ್ತದೆ. ಹಾಗಾಗಿ ಆ ಸಿಮ್‌ಗೆ ಕರೆ ಬಂದರೆ ಎತ್ತಬೇಡಿ, ವಾಟ್ಸಾಪ್‌ನಲ್ಲಿ ತಿರುಗಿ ಮಾತಾಡಿ. ನೀವು ಕಳಿಸುವ ಎಸ್ಸೆಮ್ಮೆಸ್‌ಗೂ ಜಾಸ್ತಿ ದರ.

ಸಿಮ್ ಅಪ್ಪಾಜಿ ಫೋನಿನಲ್ಲೇ ಹಾಕಿಟ್ಟು ಹೋದರೆ ಆಗಲ್ವಾ? ಓಟಿಪಿ ಬಂದಾಗ ಅವರು ಹೇಳುತ್ತಾರೆ.

ತುಂಬಾ ಜನ ಹೀಗೆ ಮಾಡುತ್ತಾರೆ. ನನಗೆ ಇದು ಒಂಚೂರೂ ಇಷ್ಟವಿಲ್ಲ. ಓಟಿಪಿ ಯಾರಿಗೂ ಹೇಳಬೇಡಿ ಎಂದು ಒಂದು ಕಡೆ ಹಿರಿಯರಿಗೆ ಕಲಿಸುತ್ತೇವೆ, ಇನ್ನೊಂದು ಕಡೆ ನಾವೇ ವಾರಕ್ಕೊಮ್ಮೆ ಫೋನ್ ಮಾಡಿ ಓಟಿಪಿ ಓದಿಸಿಕೊಳ್ಳುತ್ತೇವೆ. ಆ ರೂಢಿ ಬಿದ್ದ ಮೇಲೆ ಮಗನ ದನಿಯಲ್ಲಿ ಬೇರೆ ಯಾರೋ ಕೇಳಿದರೂ ಅವರು ಹೇಳಿಬಿಡುತ್ತಾರೆ. ಅದೂ ಅಲ್ಲದೆ ಅಮೆರಿಕದಲ್ಲಿ ಹಗಲಾದಾಗ ನಮ್ಮಲ್ಲಿ ರಾತ್ರಿ, ಅಪ್ಪ ಕನ್ನಡಕ ಹುಡುಕಿ ಆರು ಅಂಕಿ ಓದುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಈಗಿನ ಬ್ಯಾಂಕ್ ಆ್ಯಪ್, ಯುಪಿಐ ಆ್ಯಪ್‌ಗಳಂತೂ ರಿಜಿಸ್ಟರ್ ಆದ ಸಿಮ್ ಅದೇ ಫೋನಿನಲ್ಲಿ ಇರಬೇಕು ಎಂದು ಕೇಳುತ್ತವೆ.

ನನ್ನ ಸಲಹೆ ಬೇರೆ. ಮನೆಯಲ್ಲಿ ಬಿದ್ದಿರುವ ಹಳೇ ಸ್ಮಾರ್ಟ್‌ಫೋನ್ ಒಂದನ್ನು ಜೊತೆಗೆ ಒಯ್ಯಿರಿ. ಅದರಲ್ಲಿ ಇಲ್ಲಿನ ಸಿಮ್, ಬ್ಯಾಂಕ್ ಆ್ಯಪ್, ಯುಪಿಐ ಮಾತ್ರ. ಅದು ರೂಮಿನಲ್ಲೇ ಇರಲಿ, ಹೊರಗೆ ಒಯ್ಯುವ ಫೋನ್ ಕಳೆದರೂ ನಿಮ್ಮ ನಂಬರ್ ಉಳಿಯುತ್ತದೆ. ಹದಿನೈದು ದಿನದ ಪ್ರವಾಸಕ್ಕೆ ಹೋಗುವವರಿಗೆ ಇದು ಬೇಡ, ಓದಲು ಅಥವಾ ಕೆಲಸಕ್ಕೆ ಹೋಗುವವರಿಗೆ ಹೇಳುತ್ತಿದ್ದೇನೆ.

ಇ-ಸಿಮ್ ಒಳ್ಳೆಯದಾ, ಪ್ಲಾಸ್ಟಿಕ್ ಸಿಮ್ಮಾ?

ಇ-ಸಿಮ್ ಎಂದರೆ ಪ್ಲಾಸ್ಟಿಕ್ ತುಂಡಿಲ್ಲದೆ ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್. ಇಲ್ಲಿನ ನಂಬರ್ ಪ್ಲಾಸ್ಟಿಕ್ ಸಿಮ್ ಆಗಿಯೇ ಇರಲಿ, ಅಲ್ಲಿನ ನಂಬರ್ ಇ-ಸಿಮ್ ಆಗಿ ತೊಗೊಳ್ಳಿ. ಫೋನ್ ನೀರಿಗೆ ಬಿದ್ದು ಸತ್ತರೆ ಪ್ಲಾಸ್ಟಿಕ್ ಸಿಮ್ಮನ್ನು ತೆಗೆದು ಬೇರೆ ಫೋನಿಗೆ ಹಾಕಿದರೆ ಮುಗಿಯಿತು. ಇ-ಸಿಮ್ ಹಾಗಲ್ಲ, ಹೊಸ ಫೋನಿಗೆ ತರಲು ಕಂಪನಿಯವರು ಮತ್ತೆ ಅದೇ ನಂಬರಿಗೆ ಮೆಸೇಜ್ ಕಳಿಸಿ ಖಾತ್ರಿ ಕೇಳಬಹುದು, ಆ ನಂಬರೋ ಸತ್ತ ಫೋನಿನ ಹೊಟ್ಟೆಯಲ್ಲಿದೆ.

ಒಂದು ವಿಷಯ ಅಮೆರಿಕಕ್ಕೆ ಹೋಗುವವರು ಗಮನಿಸಿ. ಅಲ್ಲಿ ಮಾರುವ ಐಫೋನ್‌ಗಳಿಗೆ 14ರ ಮಾದರಿಯಿಂದ ಈಚೆ ಸಿಮ್ ಟ್ರೇ ಇಲ್ಲವೇ ಇಲ್ಲ. ಹೋದ ಮೇಲೆ ಹೊಸ ಐಫೋನ್ ಕೊಳ್ಳುತ್ತೇನೆ ಎಂದಿದ್ದರೆ ಇಲ್ಲಿಂದ ಒಯ್ದ ಸಿಮ್ ಅದರಲ್ಲಿ ಕೂರುವುದಿಲ್ಲ. ಮೇಲೆ ಹೇಳಿದ ಹಳೇ ಫೋನ್ ಆಗ ಕೈಹಿಡಿಯುತ್ತದೆ.

ನಿಮ್ಮ ಫೋನಿಗೆ ಇ-ಸಿಮ್ ಇದೆಯೋ ಇಲ್ಲವೋ ತಿಳಿಯಲು *#06# ಒತ್ತಿ. ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆಯ ಜೊತೆ ಇಐಡಿ ಎಂಬ ಉದ್ದನೆಯ ಸಂಖ್ಯೆ ಕಂಡರೆ ಇದೆ. ಅದೇ ಹೊತ್ತಿಗೆ ಐಎಂಇಐ ಸಂಖ್ಯೆಯನ್ನು ಡೈರಿಯಲ್ಲಿ ಬರೆದಿಟ್ಟುಕೊಳ್ಳಿ, ಕಳೆದರೆ ಪೊಲೀಸರು ಕೇಳುವುದು ಅದನ್ನೇ. ಸಿಮ್ ಟ್ರೇ ತೆಗೆಯುವ ಪಿನ್ನನ್ನು ಪಾಸ್‌ಪೋರ್ಟ್ ಕವರಿನ ಒಳಗೆ ಸೆಲ್ಲೋಟೇಪ್ ಹಚ್ಚಿ ಅಂಟಿಸಿಬಿಡಿ. ವಿಮಾನ ನಿಲ್ದಾಣದಲ್ಲಿ ಕಿವಿಯೋಲೆ ಬಿಚ್ಚಿ ಟ್ರೇ ಚುಚ್ಚುತ್ತಾ ಕೂತವರನ್ನು ನೋಡಿದ್ದೇನೆ.

ಇಳಿದ ಕೂಡಲೇ ಸಾವಿರಾರು ರೂಪಾಯಿ ಬಿಲ್ ಬರುತ್ತದಂತೆ, ನಿಜವಾ?

ಪ್ಯಾಕ್ ಇಲ್ಲದೆ ಡೇಟಾ ಹರಿದರೆ ನಿಜವೇ. ನೀವು ಏನೂ ಮಾಡದಿದ್ದರೂ ಫೋನು ಸುಮ್ಮನಿರುವುದಿಲ್ಲ, ಫೋಟೋ ಬ್ಯಾಕಪ್, ಆ್ಯಪ್ ಅಪ್‌ಡೇಟ್ ಎಂದು ಎಳೆಯುತ್ತಲೇ ಇರುತ್ತದೆ. ಸಿಮ್ ಸೆಟ್ಟಿಂಗ್ಸ್‌ಗೆ ಹೋಗಿ ಇಲ್ಲಿನ ಸಿಮ್‌ನ ಎದುರಿಗೆ ಡೇಟಾ ರೋಮಿಂಗ್ ಆಫ್ ಮಾಡಿ. ಎರಡು ಸಿಮ್ ಇದ್ದಾಗ ಡೇಟಾ ಯಾವುದರಿಂದ ಎಂದು ಆರಿಸುವ ಜಾಗದಲ್ಲಿ ಅಲ್ಲಿನ ಸಿಮ್ ಇರಲಿ. ಅದರ ಕೆಳಗೇ ಒಂದು ಸ್ವಿಚ್ ಇರುತ್ತದೆ: ಒಂದು ಸಿಮ್‌ಗೆ ಸಿಗ್ನಲ್ ಕಡಿಮೆಯಾದರೆ ತಾನಾಗಿ ಇನ್ನೊಂದಕ್ಕೆ ಡೇಟಾ ಬದಲಿಸುವ ಸ್ವಿಚ್. ಅದನ್ನೂ ಆಫ್ ಮಾಡಿ, ಎಷ್ಟೋ ಜನ ಎಲ್ಲ ಸರಿ ಮಾಡಿ ಇದೊಂದನ್ನು ಬಿಟ್ಟಿರುತ್ತಾರೆ. ಐಫೋನ್ ಇದ್ದವರು ಐಮೆಸೇಜ್, ಫೇಸ್‌ಟೈಮ್ ಎರಡನ್ನೂ ಇಲ್ಲೇ ಚಾಲೂ ಮಾಡಿಕೊಳ್ಳಿ. ಆ ಸೇವೆ ಶುರುವಾಗುವಾಗ ಫೋನ್ ತಾನೇ ಗುಟ್ಟಾಗಿ ಒಂದು ಹೊರದೇಶದ ಎಸ್ಸೆಮ್ಮೆಸ್ ಕಳಿಸುತ್ತದೆ.

ಇಲ್ಲಿ ತೊಗೊಂಡ ಫೋನ್ ಅಲ್ಲಿ ನಡೆಯುತ್ತಾ?

ಗಲ್ಫ್, ಯುರೋಪ್, ಸಿಂಗಾಪುರದಲ್ಲಿ ಬಹುತೇಕ ನಡೆಯುತ್ತದೆ. ಅಮೆರಿಕ ಮತ್ತು ಆಸ್ಟ್ರೇಲಿಯಾಕ್ಕೆ ಹೋಗುವವರು ಮಾತ್ರ ಕೂತು ನೋಡಬೇಕು.

ಅಮೆರಿಕದಲ್ಲಿ ದೊಡ್ಡ ಕಂಪನಿಗಳು 2022ರಲ್ಲಿ 3ಜಿ ಮುಚ್ಚಿದವು. ಈಗ ಕರೆ ಹೋಗಬೇಕಾದರೆ ವೋಲ್ಟೆ ಅಂದರೆ 4ಜಿ ಮೇಲೆ ಮಾತಾಡುವ ವ್ಯವಸ್ಥೆ ಬೇಕು, ಅದೂ ಆ ಕಂಪನಿ ನಿಮ್ಮ ಮಾಡೆಲ್ಲನ್ನು ಒಪ್ಪಿರಬೇಕು. ಜೊತೆಗೆ ಅಲೆಗಳ ಲೆಕ್ಕ ಬೇರೆ, ಸಿಗ್ನಲ್ ಓಡುವ ಒಂದೊಂದು ಅಲೆಯ ಪಟ್ಟಿಗೆ ಬ್ಯಾಂಡ್ ಎನ್ನುತ್ತಾರೆ. ನಮ್ಮಲ್ಲಿ 4ಜಿ ಹೆಚ್ಚಾಗಿ ಬ್ಯಾಂಡ್ 3, 5, 8, 40, 41ರ ಮೇಲೆ ಓಡುತ್ತದೆ, ಅಮೆರಿಕದಲ್ಲಿ 2, 4, 12, 13, 66, 71 ಮುಖ್ಯ. 12, 13, 71 ಕೆಳಗಿನ ಅಲೆಗಳು, ದೂರ ಹೋಗುತ್ತವೆ, ಗೋಡೆ ದಾಟುತ್ತವೆ. ಅವಿಲ್ಲದ ಫೋನು ರಸ್ತೆಯಲ್ಲಿ ಚೆನ್ನಾಗಿ ಹತ್ತುತ್ತದೆ, ಹಾಸ್ಟೆಲ್ಲಿನ ನೆಲಮಹಡಿಗೆ ಹೋದರೆ ಸಾಯುತ್ತದೆ. ಬಾಕ್ಸಿನ ಮೇಲಿನ ಪೂರ್ತಿ ಮಾಡೆಲ್ ನಂಬರ್ ನೋಡಿ, ಕಂಪನಿಯ ವೆಬ್‌ಸೈಟಿನಲ್ಲಿ ಆ ನಂಬರಿನ ಬ್ಯಾಂಡ್ ಪಟ್ಟಿ ತೆಗೆಯಿರಿ. ಒಂದೇ ಹೆಸರಿನ ಫೋನಿಗೆ ದೇಶಕ್ಕೊಂದು ಮಾಡೆಲ್ ಇರುತ್ತದೆ, ಆದ್ದರಿಂದ ಬರೀ ಹೆಸರು ನೋಡಿದರೆ ಸಾಲದು.

ಆಸ್ಟ್ರೇಲಿಯಾ ಇನ್ನೂ ಕಟ್ಟುನಿಟ್ಟು. ಅಲ್ಲಿ 2024ರ ಅಕ್ಟೋಬರ್ ಕೊನೆಗೆ 3ಜಿ ಪೂರ್ತಿ ನಿಂತಿತು, ತುರ್ತು ಸಂಖ್ಯೆ 000ಗೆ 4ಜಿ ಮೇಲೆ ಕರೆ ಮಾಡಲಾಗದ ಫೋನನ್ನು ನೆಟ್‌ವರ್ಕಿನಿಂದಲೇ ಹೊರಗಿಡಬೇಕೆಂಬ ನಿಯಮ ಬಂತು. ಡೇಟಾ ಚೆನ್ನಾಗಿ ಬರುವ ಫೋನನ್ನೂ ಹೀಗೆ ಬಂದ್ ಮಾಡಬಹುದು. ಟರ್ಕಿಯಲ್ಲಿ ಹೊರಗಿನ ಫೋನಿಗೆ ಅಲ್ಲಿನ ಸಿಮ್ ಹಾಕಿದರೆ 120 ದಿನ ಓಡುತ್ತದೆ, ಆಮೇಲೆ ಶುಲ್ಕ ಕಟ್ಟಿ ರಿಜಿಸ್ಟರ್ ಮಾಡಿಸಬೇಕು.

ಹಾಗಾದರೆ ಹೊಸ ಫೋನ್ ಕೊಪ್ಪಿಕರ್ ರೋಡಿನಲ್ಲಿ ಕೊಳ್ಳಬೇಕಾ, ಹೋಗಿ ಅಲ್ಲೇ ಕೊಳ್ಳಬೇಕಾ?

ನಿಮ್ಮ ಫೋನ್ ಚೆನ್ನಾಗಿದ್ದು ಬ್ಯಾಂಡ್ ಹೊಂದಿದರೆ ಎಲ್ಲಿಯೂ ಬೇಡ. ಬ್ಯಾಟರಿ, ಒಡೆದ ಗ್ಲಾಸ್ ಮಾತ್ರ ಇಲ್ಲೇ ಬದಲಿಸಿ, ಅಲ್ಲಿ ಕೂಲಿಯೇ ಫೋನಿನ ಬೆಲೆಗೆ ಹತ್ತಿರ ಹೋಗುತ್ತದೆ. ಅಮೆರಿಕಕ್ಕೆ ಹೋಗುವವರು ಹೊಸದು ಬೇಕೇ ಬೇಕೆಂದರೆ ಅಲ್ಲಿ ಕೊಳ್ಳಿ, ಆದರೆ ಅನ್‌ಲಾಕ್ ಆದದ್ದನ್ನೇ ಕೇಳಿ. ಕಂಪನಿಯ ಕಂತಿನಲ್ಲಿ ಅಗ್ಗಕ್ಕೆ ಸಿಗುವ ಫೋನಿಗೆ ಬೇರೆ ಸಿಮ್ ಹಾಕಲು ಬರುವುದಿಲ್ಲ, ರಜೆಗೆ ಬಂದಾಗ ಇಲ್ಲಿ ಅದು ಬರೀ ವೈಫೈ ಫೋನ್.

ಬ್ಯಾಂಕು, ಯುಪಿಐ ಏನು ಮಾಡಬೇಕು?

ಕಾರ್ಡಿನಿಂದ ಶುರು ಮಾಡಿ. 2020ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಕೊಡುವ ಹೊಸ ಕಾರ್ಡು ಭಾರತದ ಒಳಗೆ ಮಾತ್ರ ನಡೆಯುತ್ತದೆ, ಹೊರದೇಶದ ಬಳಕೆಯನ್ನು ನೀವೇ ಆ್ಯಪ್‌ನಲ್ಲಿ ಆನ್ ಮಾಡಬೇಕು. ಆನ್ ಮಾಡಿ, ದಿನದ ಮಿತಿ ಹಾಕಿ, ಬಳಸದ ಕಾರ್ಡನ್ನು ಆಫ್ ಇಡಿ.

ಯುಪಿಐ ಆ್ಯಪ್ ಶುರುವಾಗುವಾಗ ನಿಮ್ಮ ಸಿಮ್‌ನಿಂದ ಒಂದು ಎಸ್ಸೆಮ್ಮೆಸ್ ಹೊರಗೆ ಹೋಗುತ್ತದೆ. ಇಲ್ಲಿ ಅದು ಎರಡು ಸೆಕೆಂಡಿನ ಕೆಲಸ, ಅಲ್ಲಿ ಹೋಗಿ ಆ್ಯಪ್ ಹೊಸದಾಗಿ ಹಾಕಿದರೆ ಆ ಮೆಸೇಜ್ ಹೋಗದೆ ಚಕ್ರ ತಿರುಗುತ್ತಾ ಕೂರುತ್ತದೆ. ಆದ್ದರಿಂದ ಯಾವ ಫೋನು ಜೊತೆಗಿರುತ್ತದೋ ಅದರಲ್ಲೇ, ಇಲ್ಲೇ, ಚಾಲೂ ಮಾಡಿ ಒಂದು ಪಾವತಿಯನ್ನೂ ಮಾಡಿ ನೋಡಿ. ದುರ್ಗದ ಬೈಲಿನ ಗಿರ್ಮಿಟ್ ಗಾಡಿಯ ಕ್ಯೂಆರ್ ಸಾಕು.

ಸಿಂಗಾಪುರ, ಯುಎಇ, ಶ್ರೀಲಂಕಾ, ಮಾರಿಷಸ್, ನೇಪಾಳ, ಭೂತಾನ್, ಫ್ರಾನ್ಸ್‌ನ ಕೆಲವು ಅಂಗಡಿಗಳಲ್ಲಿ ನಮ್ಮ ಯುಪಿಐ ಸ್ಕ್ಯಾನ್ ಮಾಡಬಹುದು, 2024ರಲ್ಲಿ ಪ್ಯಾರಿಸ್ಸಿನ ಐಫೆಲ್ ಟವರ್ ಟಿಕೆಟ್‌ಗೂ ಬಂತು. ಆ್ಯಪ್‌ನಲ್ಲಿ ಯುಪಿಐ ಇಂಟರ್‌ನ್ಯಾಷನಲ್ ಎಂಬುದನ್ನು ಆನ್ ಮಾಡಬೇಕು. ಆದರೂ ಅದೊಂದನ್ನೇ ನಂಬಿ ಹೋಗಬೇಡಿ, ಕಾರ್ಡು ಮತ್ತು ಒಂದಿಷ್ಟು ನಗದು ಇರಲೇಬೇಕು.

ಕೆಲಸಕ್ಕೆ ಹೋಗಿ ಅನಿವಾಸಿ ಆದ ಮೇಲೆ ಇಲ್ಲಿನ ಸಾದಾ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ಇಲ್ಲಿನ ಆದಾಯದ ಖಾತೆ ಮಾಡಿಸಬೇಕು, ವಿದೇಶಿ ವಿನಿಮಯದ ಫೆಮಾ ಕಾನೂನು ಹಾಗೆ ಹೇಳುತ್ತದೆ. ಎನ್‌ಆರ್‌ಇ (ಹೊರದೇಶದಲ್ಲಿ ದುಡಿದದ್ದನ್ನು ಇಲ್ಲಿ ಇಡುವ ಖಾತೆ), ಎನ್‌ಆರ್‌ಒ ಖಾತೆಗಳಿಗೆ 2023ರಿಂದ ಹೊರದೇಶದ ನಂಬರಿನಲ್ಲೇ ಯುಪಿಐ ಮಾಡುವ ಅವಕಾಶ ಇದೆ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ಯುಎಇ, ಸೌದಿ, ಕತಾರ್, ಒಮಾನ್, ಸಿಂಗಾಪುರ, ಹಾಂಗ್‌ಕಾಂಗ್ ಮೊದಲ ಪಟ್ಟಿಯಲ್ಲೇ ಇದ್ದವು. ಹೊರಡುವ ಮೊದಲು ಬ್ರಾಂಚಿಗೆ ಹೋಗಿ ಓಟಿಪಿ ಇಮೇಲ್‌ಗೂ ಬರುವಂತೆ ಮಾಡಲು ಆಗುತ್ತದಾ ಎಂದು ಕೇಳಿ. ಫೋನಿನಲ್ಲಿ ಕೇಳಿದರೆ ಸಿಗದ ಉತ್ತರ ಎದುರಿಗೆ ಕೂತರೆ ಸಿಗುತ್ತದೆ.

ವಾಟ್ಸಾಪ್ ನಂಬರ್ ಬದಲಿಸಬೇಕಾ?

ಪ್ರವಾಸಕ್ಕೆ ಹೋಗುವವರು ಬದಲಿಸಬೇಡಿ. ಅಲ್ಲಿನ ಸಿಮ್ ಹಾಕಿದರೂ ವಾಟ್ಸಾಪ್ ಹಳೇ ನಂಬರಿನಲ್ಲೇ ನಡೆಯುತ್ತದೆ. ಫೋನ್ ನಂಬರ್ ಬದಲಾಗಿದೆಯಾ ಎಂದು ಕೇಳಿದರೆ ಇಲ್ಲ ಎನ್ನಿ.

ವರ್ಷಗಟ್ಟಲೆ ಹೋಗುವವರಿಗೆ ಬದಲಿಸುವುದೇ ಒಳ್ಳೆಯದು ಎಂದು ನನ್ನ ಅನಿಸಿಕೆ. 2025ರ ನವೆಂಬರ್‌ನಲ್ಲಿ ನಮ್ಮ ದೂರಸಂಪರ್ಕ ಇಲಾಖೆ, ಮೆಸೇಜಿಂಗ್ ಆ್ಯಪ್‌ಗಳು ರಿಜಿಸ್ಟರ್ ಆದ ಸಿಮ್ ಇರುವ ಫೋನಿನಲ್ಲಿ ಮಾತ್ರ ನಡೆಯಬೇಕೆಂದು ಆದೇಶ ಹೊರಡಿಸಿದೆ. ಹಳೇ ನಂಬರ್ ಹಳೇ ಫೋನಿನಲ್ಲಿಟ್ಟು ವಾಟ್ಸಾಪ್ ಮಾತ್ರ ಹೊಸ ಫೋನಿನಲ್ಲಿ ನಡೆಸುವವರಿಗೆ ಇದರಿಂದ ತೊಂದರೆ. ಸೆಟ್ಟಿಂಗ್ಸ್‌ನಲ್ಲಿ ನಂಬರ್ ಬದಲಿಸುವ ಆಯ್ಕೆ ಇದೆ, ಚಾಟ್, ಗ್ರೂಪ್ ಎಲ್ಲ ಹೊಸ ನಂಬರಿಗೆ ಬರುತ್ತವೆ. ಅಲ್ಲಿನ ನಂಬರ್ ಗಟ್ಟಿಯಾದ ಮೇಲೆ ಮಾಡಿ, ಮೊದಲ ವಾರದ ಟೂರಿಸ್ಟ್ ಸಿಮ್‌ಗೆ ಮಾಡಬೇಡಿ. ಮತ್ತೊಂದು, ಟೂ-ಸ್ಟೆಪ್ ಪಿನ್ ಹಾಕಿ, ಅದಕ್ಕೆ ಇಮೇಲ್ ಕೊಡಿ. 120 ದಿನ ಬಳಸದಿದ್ದರೆ ವಾಟ್ಸಾಪ್ ಖಾತೆ ಅಳಿದುಹೋಗಬಹುದು.

ದುಬೈಯಲ್ಲಿ ವಾಟ್ಸಾಪ್ ಕಾಲ್ ಹತ್ತೂದಿಲ್ಲ ಅಂತಾರ, ಹೌದೇನ್ರಿ?

ಹೌದು. ಯುಎಇಯಲ್ಲಿ ವಾಟ್ಸಾಪ್ ಮೆಸೇಜ್ ನಡೆಯುತ್ತದೆ, ಕರೆ ಹೋಗುವುದಿಲ್ಲ. ಅಲ್ಲಿ ಒಪ್ಪಿಗೆ ಇರುವ ಬೋಟಿಮ್‌ನಂಥ ಆ್ಯಪ್ ಬಳಸುತ್ತಾರೆ. ಅದನ್ನು ಮನೆಯವರ ಫೋನಿಗೂ ಹಾಕಿಕೊಟ್ಟು, ಒಂದು ಸಲ ಕೋಣೆಯಿಂದ ಕೋಣೆಗೆ ಕರೆ ಮಾಡಿ ತೋರಿಸಿ ಹೋಗಿ. ವಿಪಿಎನ್, ಅಂದರೆ ನೆಟ್ ಸಂಪರ್ಕವನ್ನು ಬೇರೆ ಕಡೆಯಿಂದ ತಿರುಗಿಸುವ ಆ್ಯಪ್ ಹಾಕಿದರೆ ಎಲ್ಲ ನಡೆಯುತ್ತದೆ ಎಂದು ಗೆಳೆಯರು ಹೇಳುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ. ವಿಪಿಎನ್ ಮೂಲಕ ಅಪರಾಧ ಮಾಡಿದರೆ ಅಲ್ಲಿನ ಕಾನೂನಿನಲ್ಲಿ 5 ಲಕ್ಷದಿಂದ 20 ಲಕ್ಷ ದಿರ್ಹಂವರೆಗೆ ದಂಡ ಇದೆ. ಕಷ್ಟಪಟ್ಟು ದುಡಿಯಲು ಹೋದವರು ಅಂಥ ಅಪಾಯಕ್ಕೆ ಕೈ ಹಾಕಬಾರದು.

ಗಲ್ಫಿಗೆ ಹೋಗುವವರು ವಾಟ್ಸಾಪ್‌ನ ಆಟೋ ಡೌನ್‌ಲೋಡ್ ಆಫ್ ಮಾಡಿ. ಊರಿನ ಗ್ರೂಪಿನಲ್ಲಿ ಯಾರೋ ಹಾಕಿದ ಕೆಟ್ಟ ವಿಡಿಯೋ ನಿಮ್ಮ ಗ್ಯಾಲರಿಯಲ್ಲಿ ಬಂದು ಕೂರುತ್ತದೆ. ಮೆಸೇಜ್‌ನಲ್ಲಿ ಬೈಯುವುದು, ಧರ್ಮದ ಬಗ್ಗೆ ಹೀಯಾಳಿಸಿ ಫಾರ್ವರ್ಡ್ ಮಾಡುವುದು, ಕೇಳದೆ ಬೇರೆಯವರ ಫೋಟೋ ತೆಗೆಯುವುದು ಅಲ್ಲಿ ಕೇಸಾಗುವ ವಿಷಯ.

ಚೀನಾಕ್ಕೆ ಹೋಗುವವರಿಗೆ ಗೂಗಲ್, ವಾಟ್ಸಾಪ್, ಯೂಟ್ಯೂಬ್, ಫೇಸ್‌ಬುಕ್ ಯಾವುದೂ ಅಲ್ಲಿನ ನೆಟ್‌ನಲ್ಲಿ ಸಿಗುವುದಿಲ್ಲ. ಜಿಮೇಲ್‌ನಲ್ಲಿರುವ ಹೋಟೆಲ್ ಬುಕಿಂಗ್ ಸಹ ತೆರೆಯುವುದಿಲ್ಲ, ಎಲ್ಲವನ್ನೂ ಮೊದಲೇ ಇಳಿಸಿಕೊಳ್ಳಿ.

ಗೂಗಲ್ ಅಕೌಂಟಿಗೂ ಏನಾದರೂ ಮಾಡಬೇಕಾ?

ಬೇಕು, ಮತ್ತು ಇದನ್ನು ಬಹಳ ಜನ ಬಿಡುತ್ತಾರೆ. ಹೊಸ ದೇಶ, ಹೊಸ ಫೋನ್ ಕಂಡರೆ ಗೂಗಲ್ ಅನುಮಾನಪಟ್ಟು ಹಳೇ ನಂಬರಿಗೆ ಕೋಡ್ ಕಳಿಸುತ್ತದೆ. ಸೆಕ್ಯೂರಿಟಿ ಪುಟದಲ್ಲಿ ಬ್ಯಾಕಪ್ ಕೋಡ್ ಎಂದಿದೆ, ಎಂಟು ಅಂಕಿಯ ಹತ್ತು ಕೋಡು ಕೊಡುತ್ತದೆ, ಒಂದನ್ನು ಒಂದೇ ಸಲ ಬಳಸಬಹುದು. ಕಾಗದದ ಮೇಲೆ ಬರೆದು ಒಂದು ಪ್ರತಿ ಬ್ಯಾಗಿನಲ್ಲಿ, ಒಂದು ಪ್ರತಿ ಮನೆಯ ಕಪಾಟಿನಲ್ಲಿ ಇಡಿ. ಅದರ ಫೋಟೋ ಅದೇ ಫೋನಿನಲ್ಲಿ ಇಟ್ಟರೆ ಉಪಯೋಗವಿಲ್ಲ.

ಪ್ಲೇ ಸ್ಟೋರಿನ ದೇಶ ಬದಲಿಸಲು ಅವಸರ ಮಾಡಬೇಡಿ, ವರ್ಷಕ್ಕೊಮ್ಮೆ ಮಾತ್ರ ಬದಲಿಸಬಹುದು. ಅಲ್ಲಿನ ಬ್ಯಾಂಕ್ ಆ್ಯಪ್ ಕೆಲವೊಮ್ಮೆ ಆ ದೇಶದ ಸ್ಟೋರಿನಲ್ಲಿ ಮಾತ್ರ ಇರುತ್ತದೆ, ಅದಕ್ಕೆ ಇನ್ನೊಂದು ಜಿಮೇಲ್ ಖಾತೆ ಮಾಡಿಕೊಂಡರೆ ಇಲ್ಲಿನ ಆ್ಯಪ್‌ಗಳಿಗೆ ಧಕ್ಕೆಯಾಗುವುದಿಲ್ಲ.

ಯಾವ ಕಾಗದಪತ್ರ ಫೋನಿನಲ್ಲಿ ಇರಬೇಕು?

ಪಾಸ್‌ಪೋರ್ಟಿನ ಮೊದಲ-ಕೊನೆಯ ಪುಟ, ವೀಸಾ, ಟಿಕೆಟ್, ಇನ್ಶೂರೆನ್ಸ್, ಕಾಲೇಜಿನ ಪತ್ರ ಅಥವಾ ಕೆಲಸದ ಕರಾರು, ಮಾರ್ಕ್ಸ್‌ಕಾರ್ಡ್, ಡಾಕ್ಟರ್ ಚೀಟಿ. ಎಲ್ಲವನ್ನೂ ಪಿಡಿಎಫ್ ಮಾಡಿ ಫೋನಿನಲ್ಲೇ ಇಳಿಸಿ ಇಡಿ, ಇಮೇಲ್‌ನಲ್ಲಿದೆ ಎಂದು ಬಿಡಬೇಡಿ. ಡಿಜಿಲಾಕರ್‌ಗೆ ಹೋಗಲು ಓಟಿಪಿ, ನೆಟ್ ಎರಡೂ ಬೇಕು, ಅದರಲ್ಲಿರುವುದನ್ನೂ ಇಳಿಸಿಕೊಳ್ಳಿ. ಇಳಿಯುವ ಊರಿನ ವಿಳಾಸ, ಅಲ್ಲಿನವರ ನಂಬರ್ ಮಾತ್ರ ಕಾಗದದ ಮೇಲೂ ಇರಲಿ.

ಅಮೆರಿಕದ ವೀಸಾಕ್ಕೆ ಇನ್‌ಸ್ಟಾಗ್ರಾಮ್ ಪಬ್ಲಿಕ್ ಮಾಡಬೇಕಂತೆ?

ಹೌದು. ಓದಲು ಮತ್ತು ವಿನಿಮಯ ಕಾರ್ಯಕ್ರಮಕ್ಕೆ ಹೋಗುವ ಎಫ್, ಎಂ, ಜೆ ವೀಸಾದವರಿಗೆ 2025ರ ಜೂನ್‌ನಿಂದ, ಕೆಲಸಕ್ಕೆ ಹೋಗುವ ಎಚ್-1ಬಿ, ಅವರ ಕುಟುಂಬದ ಎಚ್-4ನವರಿಗೆ 2025ರ ಡಿಸೆಂಬರ್ 15ರಿಂದ ಈ ಸೂಚನೆ ಇದೆ. ಡಿಎಸ್-160 ಅರ್ಜಿಯಲ್ಲಿ ಹಿಂದಿನ ಐದು ವರ್ಷ ಬಳಸಿದ ಸೋಷಿಯಲ್ ಮೀಡಿಯಾ ಹೆಸರುಗಳನ್ನೂ ಬರೆಯಬೇಕು. ಮರೆತುಬಿಟ್ಟ ಹಳೇ ಅಕೌಂಟುಗಳನ್ನೂ ನೆನಪಿಸಿಕೊಂಡು ಬರೆಯಿರಿ. ಪಬ್ಲಿಕ್ ಮಾಡುವ ಮುನ್ನ ಮನೆ ವಿಳಾಸ, ಫೋನ್ ನಂಬರ್, ಮಕ್ಕಳ ಫೋಟೋ ಬಯಲಾಗುತ್ತದಾ ಎಂದು ನೋಡಿಕೊಳ್ಳಿ.

ನೆಟ್ ಸಿಗದಿದ್ದರೆ?

ಸಿಗುವುದಿಲ್ಲ ಎಂದುಕೊಂಡೇ ಹೊರಡಿ. ಗೂಗಲ್ ಮ್ಯಾಪ್ಸ್‌ನಲ್ಲಿ ಇಳಿಯುವ ಊರಿನ ಆಫ್‌ಲೈನ್ ಮ್ಯಾಪ್ ಇಳಿಸಿ, ಟ್ರಾನ್ಸ್‌ಲೇಟ್‌ನಲ್ಲಿ ಆ ದೇಶದ ಭಾಷೆ ಇಳಿಸಿ. ಆಫ್‌ಲೈನ್ ಮ್ಯಾಪ್ ಕಾರಿನ ದಾರಿ ತೋರಿಸುತ್ತದೆ, ಬಸ್ಸು-ಮೆಟ್ರೋ ತೋರಿಸುವುದಿಲ್ಲ. ಆ ದಾರಿಯ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ತುರ್ತು ಸಂಖ್ಯೆ ಗೊತ್ತಿರಲಿ: ಯುರೋಪಿನಲ್ಲಿ 112, ಅಮೆರಿಕದಲ್ಲಿ 911, ಬ್ರಿಟನ್ ಮತ್ತು ಯುಎಇಯಲ್ಲಿ 999. ಲಾಕ್ ಸ್ಕ್ರೀನ್ ಮೇಲೆ ತುರ್ತು ಮಾಹಿತಿ ಹಾಕುವ ಜಾಗದಲ್ಲಿ ರಕ್ತದ ಗುಂಪು, ಮನೆಯ ನಂಬರ್ +91 ಸೇರಿಸಿ ಹಾಕಿ. ಕಾಂಟ್ಯಾಕ್ಟ್‌ನಲ್ಲಿರುವ ಮನೆಯವರ ನಂಬರಿಗೆಲ್ಲ +91 ಹಚ್ಚಿ, ಇಲ್ಲದಿದ್ದರೆ ಅಲ್ಲಿಂದ ಕರೆ ಹೋಗುವುದಿಲ್ಲ.

ಭಾರತೀಯ ರಾಯಭಾರ ಕಚೇರಿಯ ತುರ್ತು ನಂಬರ್ ಸೇವ್ ಮಾಡಿ. ಅಲ್ಲಿ ಹೋದ ಮೇಲೆ ಹೆಸರು ನೋಂದಾಯಿಸಿ, ವಿದೇಶಾಂಗ ಇಲಾಖೆಯ ಮದದ್ ಪೋರ್ಟಲ್ಲಿನಲ್ಲಿ ದೂರು ಹೇಗೆ ಕೊಡುವುದೆಂದು ಒಮ್ಮೆ ನೋಡಿಡಿ. 2022ರಲ್ಲಿ ಯುದ್ಧ ಶುರುವಾದಾಗ ಉಕ್ರೇನಿನ ಖಾರ್ಕಿವ್‌ನ ನೆಲಮಾಳಿಗೆಗಳಲ್ಲಿ ಸಿಕ್ಕಿಬಿದ್ದವರಲ್ಲಿ ನಮ್ಮ ಹಾವೇರಿ ಜಿಲ್ಲೆಯ ಮಕ್ಕಳೂ ಇದ್ದರು, ಒಬ್ಬ ಹುಡುಗ ಅಲ್ಲೇ ಜೀವ ಕಳೆದುಕೊಂಡ. ಅಂಥ ಹೊತ್ತಿನಲ್ಲಿ ಫೋನಿನ ಚಾರ್ಜು, ಸರಿಯಾದ ನಂಬರು ಎಷ್ಟು ದೊಡ್ಡದು ಎಂಬುದು ಈ ಭಾಗದವರಿಗೆ ಬೇರೆ ಹೇಳಬೇಕಿಲ್ಲ.

ಪವರ್ ಬ್ಯಾಂಕ್, ಚಾರ್ಜರ್?

ಪವರ್ ಬ್ಯಾಂಕ್ ಕೈಬ್ಯಾಗಿನಲ್ಲಿ ಮಾತ್ರ, ಲಗೇಜಿಗೆ ಹಾಕಿದರೆ ಪೆಟ್ಟಿಗೆ ತೆಗೆಸುತ್ತಾರೆ. 100 ವ್ಯಾಟ್-ಅವರ್‌ವರೆಗೆ ಸಾಮಾನ್ಯವಾಗಿ ಬಿಡುತ್ತಾರೆ. 20,000 ಎಂಎಎಚ್ ಎಂದರೆ 74 ವ್ಯಾಟ್-ಅವರ್, ಸರಿಹೋಗುತ್ತದೆ. 30,000 ಆದರೆ 111, ಅದಕ್ಕೆ ವಿಮಾನ ಕಂಪನಿಯ ಅನುಮತಿ ಬೇಕು. ಸಂಖ್ಯೆ ಅಳಿಸಿಹೋದ ಪವರ್ ಬ್ಯಾಂಕ್ ಒಯ್ಯಬೇಡಿ. ಸಿಂಗಾಪುರ ಏರ್‌ಲೈನ್ಸ್ 2025ರ ಏಪ್ರಿಲ್‌ನಿಂದ, ಎಮಿರೇಟ್ಸ್ 2025ರ ಅಕ್ಟೋಬರ್‌ನಿಂದ ವಿಮಾನದೊಳಗೆ ಪವರ್ ಬ್ಯಾಂಕ್ ಬಳಸಲು ಬಿಡುವುದಿಲ್ಲ. ಹುಬ್ಬಳ್ಳಿಯಿಂದ ನೇರ ವಿದೇಶಿ ವಿಮಾನ ಇಲ್ಲದ್ದರಿಂದ ಬೆಂಗಳೂರೋ ಗೋವಾವೋ ಮುಂಬೈಯೋ ಮುಟ್ಟುವಷ್ಟರಲ್ಲಿ ಅರ್ಧ ಚಾರ್ಜ್ ಹೋಗಿರುತ್ತದೆ, ನಿಲ್ದಾಣದಲ್ಲೇ ತುಂಬಿಸಿಕೊಂಡು ಹತ್ತಿ.

ಫೋನ್ ಚಾರ್ಜರ್ ಮೇಲೆ 100-240 ವೋಲ್ಟ್ ಎಂದಿದ್ದರೆ ಎಲ್ಲ ದೇಶದಲ್ಲೂ ನಡೆಯುತ್ತದೆ, ಪಿನ್ ಹೊಂದಿಸುವ ಅಡಾಪ್ಟರ್ ಸಾಕು. ಯುಎಇ, ಬ್ರಿಟನ್, ಸಿಂಗಾಪುರಕ್ಕೆ ಮೂರು ಚೌಕ ಪಿನ್, ಅಮೆರಿಕಕ್ಕೆ ಎರಡು ಚಪ್ಪಟೆ ಪಿನ್. ಜರ್ಮನಿಯಲ್ಲಿ ನಮ್ಮ ಎರಡು ತೆಳು ಪಿನ್ನಿನ ಚಾರ್ಜರ್ ಸಾಮಾನ್ಯವಾಗಿ ಹಾಗೇ ಕೂರುತ್ತದೆ. ಅವ್ವ ಕಟ್ಟಿಕೊಡುವ ಮಿಕ್ಸರ್ ಮಾತ್ರ ಅಮೆರಿಕದ 120 ವೋಲ್ಟಿಗೆ ನಡೆಯುವುದಿಲ್ಲ.

ಅಪ್ಪ-ಅವ್ವ ಮೊದಲ ಸಲ ಒಬ್ಬರೇ ಹೋಗುತ್ತಿದ್ದಾರೆ, ಅವರ ಫೋನ್ ಹೇಗಿರಬೇಕು?

ಆದಷ್ಟು ಖಾಲಿ. ಮೊದಲ ಸ್ಕ್ರೀನಿನಲ್ಲಿ ನಾಲ್ಕೇ ಐಕಾನ್: ಫೋನ್, ವಾಟ್ಸಾಪ್, ಫೋಟೋ, ವೈಫೈ. ಅಕ್ಷರ ದೊಡ್ಡದು ಮಾಡಿ, ಭಾಷೆ ಕನ್ನಡಕ್ಕೆ ಬದಲಿಸುವುದು ಅವರಿಗೆ ರೂಢಿ ಇದ್ದರೆ ಮಾತ್ರ. ಏರ್‌ಪ್ಲೇನ್ ಮೋಡ್ ಹಾಕುವುದು, ತೆಗೆಯುವುದು ಅವರ ಕೈಯಿಂದಲೇ ಮಾಡಿಸಿ, ನೀವು ಮಾಡಿ ತೋರಿಸಿದರೆ ನೆನಪಿರುವುದಿಲ್ಲ. ಈ ಪ್ರಯಾಣಕ್ಕೆ ಕೆಲವು ದಿನದ ರೋಮಿಂಗ್ ಪ್ಯಾಕ್ ಹಾಕಿಸಿಬಿಡಿ, ಇಲ್ಲಿ ದುಡ್ಡು ಉಳಿಸಬೇಡಿ. ನಡುವೆ ವಿಮಾನ ಬದಲಿಸುವ ನಿಲ್ದಾಣದ ವೈಫೈ ಅವರ ಮೊಬೈಲ್ ನಂಬರ್ ಕೇಳಿ ಅದಕ್ಕೆ ಓಟಿಪಿ ಕಳಿಸಬಹುದು, ಅಲ್ಲಿ ಅವರು ಗೊಂದಲಕ್ಕೆ ಬೀಳುತ್ತಾರೆ. ಮಗಳ ವಿಳಾಸ, ನಂಬರ್, ವಿಮಾನದ ವಿವರ, ಮಾತ್ರೆಗಳ ಹೆಸರು ಬರೆದ ಚೀಟಿಯನ್ನು ಇಂಗ್ಲಿಷ್, ಕನ್ನಡ ಎರಡರಲ್ಲೂ ಬರೆದು ಪಾಸ್‌ಪೋರ್ಟ್ ಜೊತೆ ಇಡಿ. ಯಾರಿಗಾದರೂ ತೋರಿಸಿದರೆ ದಾರಿ ಹೇಳುತ್ತಾರೆ.

ಇಲ್ಲಿ ಉಳಿಯುವ ಹಿರಿಯರ ಫೋನಿಗೆ ಏನು ಮಾಡಬೇಕು?

ಇದನ್ನು ಕೇಳುವವರು ಕಡಿಮೆ. ಮಗ ಹೊರದೇಶದಲ್ಲಿದ್ದಾನೆ ಎಂದು ಗೊತ್ತಾದ ಮನೆಗಳಿಗೆ, ನಿಮ್ಮ ಮಗನನ್ನು ಪೊಲೀಸರು ಹಿಡಿದಿದ್ದಾರೆ, ಈಗಲೇ ಹಣ ಹಾಕಿ ಎಂಬ ಕರೆ ಬರುತ್ತದೆ. ದನಿಯನ್ನೂ ನಕಲು ಮಾಡುತ್ತಾರೆ. ಹೊರಡುವ ಮೊದಲು ಮನೆಯವರಷ್ಟೇ ಬಲ್ಲ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ. ಊರಲ್ಲಿ ಹಳೇ ಎಮ್ಮೆಯ ಹೆಸರಾದರೂ ಸರಿ. ಹಣ ಕೇಳಿ ಯಾರೇ ಕರೆ ಮಾಡಿದರೂ ಆ ಮಾತು ಕೇಳಬೇಕು, ಹೇಳದಿದ್ದರೆ ಫೋನ್ ಇಡಬೇಕು. ವಿಡಿಯೋ ಕಾಲ್‌ನಲ್ಲೇ ಬಂಧಿಸಿದ್ದೇವೆ ಎಂದು ಹೆದರಿಸುವ ಡಿಜಿಟಲ್ ಅರೆಸ್ಟ್ ಎಂಬುದು ಕಾನೂನಿನಲ್ಲೇ ಇಲ್ಲ ಎಂದು ಬಿಡಿಸಿ ಹೇಳಿ. ಹಣ ಹೋಗಿಬಿಟ್ಟರೆ ತಡ ಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಆ ನಂಬರನ್ನು ಟಿವಿ ಪಕ್ಕದ ಗೋಡೆಗೆ ಬರೆದು ಅಂಟಿಸಿ.

ಅವರ ಫೋನಿನಲ್ಲಿ ನಿಮ್ಮ ಊರಿನ ಗಡಿಯಾರ ಹಾಕಿಕೊಡಿ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಜರ್ಮನಿ ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ. ನ್ಯೂಯಾರ್ಕ್ ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ. ನವೆಂಬರ್‌ನಲ್ಲಿ ಒಂದು ಗಂಟೆ ಆಚೀಚೆ ಆಗುವುದನ್ನು ಹೇಳದಿದ್ದರೆ ಮಗ ಫೋನ್ ಮಾಡಲಿಲ್ಲ ಎಂದು ಸುಮ್ನೆ ಕಾಳಜಿ ಮಾಡುತ್ತಾ ಕೂರುತ್ತಾರೆ.

ಅಲ್ಲಿ ಫೋನ್ ಕಳೆದರೆ?

ಗೂಗಲ್ ಅಥವಾ ಆಪಲ್‌ನ ಫೈಂಡ್ ಸೇವೆಯಿಂದ ಬೇರೆ ಫೋನಿನಲ್ಲಿ ಲಾಕ್ ಮಾಡಿ, ಇಲ್ಲಿನ ಸಿಮ್ ಅದರಲ್ಲಿದ್ದರೆ ಕಂಪನಿಗೆ ಹೇಳಿ ಬಂದ್ ಮಾಡಿಸಿ, ಬ್ಯಾಂಕಿಗೆ ತಿಳಿಸಿ. ಕಂಪನಿಯ, ಬ್ಯಾಂಕಿನ ಹೊರದೇಶದಿಂದ ಹತ್ತುವ ನಂಬರ್ ಯಾವುದೆಂದು ಮೊದಲೇ ಕಾಗದದಲ್ಲಿ ಬರೆದಿರಬೇಕು, 1800 ಅಥವಾ ಮೂರಂಕಿಯ ನಂಬರು ಅಲ್ಲಿಂದ ಹೋಗುವ ಖಾತ್ರಿ ಇಲ್ಲ. ಸಿಮ್‌ಗೆ ಪಿನ್ ಹಾಕುವುದು ಒಳ್ಳೆಯ ರಕ್ಷಣೆ, ಕದ್ದವರು ಬೇರೆ ಫೋನಿಗೆ ಹಾಕಿದರೂ ಓಟಿಪಿ ಸಿಗುವುದಿಲ್ಲ. ಆದರೆ ಮೂರು ಸಲ ತಪ್ಪಿದರೆ ಪಿಯುಕೆ, ಅಂದರೆ ಸಿಮ್ ಬಿಡಿಸುವ ಕೋಡ್ ಕೇಳುತ್ತದೆ, ಅದನ್ನು ಬರೆದುಕೊಂಡ ಮೇಲೆ ಮಾತ್ರ ಹಾಕಿ.

ವಾಪಸ್ ಬರುವಾಗ ಅಲ್ಲಿನ ನಂಬರ್ ಏನು ಮಾಡಲಿ?

ಲೆಕ್ಕ ಈಗ ತಿರುಗಿ ಬರುತ್ತದೆ. ಅಲ್ಲಿನ ಬ್ಯಾಂಕು, ಟ್ಯಾಕ್ಸ್ ರಿಫಂಡ್, ಕಾಲೇಜಿನ ಲಾಗಿನ್ ಎಲ್ಲ ಆ ನಂಬರಿಗೆ ಇರುತ್ತವೆ. ವಿಮಾನ ಹತ್ತುವ ಮುಂಚೆ ಅಲ್ಲಿನ ಖಾತೆಗಳಿಗೆ ಅಥೆಂಟಿಕೇಟರ್ (ಫೋನಿನಲ್ಲೇ ಲಾಗಿನ್ ಕೋಡ್ ತೋರಿಸುವ) ಆ್ಯಪ್ ಹಾಕಿ, ಎಸ್ಸೆಮ್ಮೆಸ್ ಮೇಲಿನ ಅವಲಂಬನೆ ಬಿಡಿಸಿಕೊಳ್ಳಿ. ಅಮೆರಿಕದವರು ನಂಬರನ್ನು ನೆಟ್ ಮೇಲೆ ನಡೆಯುವ ಫೋನ್ ಸೇವೆ ಗೂಗಲ್ ವಾಯ್ಸ್‌ಗೆ 20 ಡಾಲರ್ ಕೊಟ್ಟು ಸಾಗಿಸಿಕೊಳ್ಳಬಹುದು, ತಿಂಗಳ ಬಾಡಿಗೆ ಇಲ್ಲ, ಆದರೆ ಕೆಲವು ಬ್ಯಾಂಕು ಅಂಥ ನಂಬರಿಗೆ ಕೋಡ್ ಕಳಿಸುವುದಿಲ್ಲ, ಮೊದಲು ಕೇಳಿ. ಈ ಕೆಲಸವನ್ನು ಅಮೆರಿಕದಲ್ಲಿ ಇರುವಾಗಲೇ ಮುಗಿಸಬೇಕು. ನಂಬರ್ ಪೂರ್ತಿ ಹೋಗುವವರೆಗೆ ಹಳೇ ಲೈನನ್ನು ನೀವಾಗಿ ರದ್ದು ಮಾಡಬೇಡಿ, ರದ್ದಾದ ನಂಬರನ್ನು ಸಾಗಿಸಲು ಬರುವುದಿಲ್ಲ.